ಸಾರಂಗದ ಬೇಟೆಗೆ ತಕ್ಕ ಕೋವಿ

ಸಾರಂಗವನ್ನು ಹೊಡೆಯಲು ಯಾವ ಕೋವಿಯು ತಕ್ಕುದೆಂಬ ಪ್ರಶ್ನೆಯು ಮೇಲ್ನೋಟಕ್ಕೆ ಬೇಟೆಗಾರರ ಹರಟೆಯ ವಿಷಯವಾಗಿ ತೋರಬಹುದು. ಆದರೆ ಬ್ರಿಟನ್ನಿನಲ್ಲಿ ಈ ಪ್ರಶ್ನೆಯು ಬಹುಕಾಲ ಚರ್ಚೆಗೊಳಗಾಗಿ, ಕಟ್ಟಕಡೆಗೆ ಪಾರ್ಲಿಮೆಂಟಿನ ಕಟ್ಟಳೆಯಾಗಿ ಪರಿಣಮಿಸಿತು. ಅದರೊಳಗೆ ಅಡಗಿದ್ದ ಮಾತು ಒಂದೇ: ಗುಂಡು ತಗಲಿದ ಪ್ರಾಣಿಯು ನಿಂತಲ್ಲಿಯೇ ಸಾಯುವುದೋ, ಕಾಲು ಮುರಿದುಕೊಂಡು ಓಡಿಹೋಗಿ ಎಲ್ಲಿಯೋ ಪೊದೆಯಲ್ಲಿ ಬಿದ್ದು ನರಳುವುದೋ?

ಸ್ಕಾಟ್ಲೆಂಡಿನ ಮಲೆಸೀಮೆಯಲ್ಲಿ ಪೂರ್ವದಲ್ಲಿ ನೂರಾರು ಜನರು ಬೆಟ್ಟವನ್ನು ಬಳಸಿ ನಿಂತು ಸಾರಂಗಗಳ ಹಿಂಡನ್ನು ಸೋವುತ್ತ ಕಣಿವೆಗೆ ತಳ್ಳಿ ಕೊಲ್ಲುವ ಪದ್ಧತಿಯಿದ್ದಿತು. ಒಬ್ಬನೇ ಹೊಂಚಿ, ಗಾಳಿಯ ದಿಕ್ಕನ್ನರಿತು, ಹೊಟ್ಟೆಯ ಮೇಲೆ ಹರಿದು ಸಮೀಪಿಸಿ ಹೊಡೆಯುವ ಕ್ರಮಕ್ಕೆ ಹೆಸರು ತಂದುಕೊಟ್ಟದ್ದು 1838ರಲ್ಲಿ ವಿಲಿಯಂ ಸ್ಕ್ರೋಪನು ಸಾರಂಗದ ಹೊಂಚುಬೇಟೆಯ ಮೇಲೆ ಪ್ರಕಟಿಸಿದ ಗ್ರಂಥವು. ಹತ್ತು ವರ್ಷಗಳ ಮೇಲೆ, 1848ರಲ್ಲಿ, ವಿಕ್ಟೋರಿಯಾ ರಾಣಿಯೂ ಆಲ್ಬರ್ಟ್ ರಾಜಕುಮಾರನೂ ಬಾಲ್ಮೊರಲ್ಲಿನಲ್ಲಿ ಬಿಡಾರ ಮಾಡಲು, ಈ ಬೇಟೆಯು ಶ್ರೀಮಂತರ ಗೀಳಾಯಿತು. ಸ್ಕ್ರೋಪನ ಕಾಲದ ಬೇಟೆಗಾರನ ಕೈಯಲ್ಲಿದ್ದುದು ಬಾಯಿಂದ ಮದ್ದು ತುಂಬುವ ಕೋವಿ. ಅವನ ಜೊತೆಗೆ ಹಗ್ಗ ಹಿಡಿದ ನಾಯಿಗಳೂ ಇರಬೇಕಾಗಿದ್ದಿತು. ಗಾಯಗೊಂಡ ಮೃಗವನ್ನು ಅಟ್ಟಿ ನಿಲ್ಲಿಸುವುದೇ ಆ ನಾಯಿಗಳ ಕೆಲಸ. ಕೋವಿಯ ಕೊರತೆಯನ್ನು ನಾಯಿ ತುಂಬುತ್ತಿದ್ದಿತೆಂದು ಹೇಳಬಹುದು.

ಆ ಕೊರತೆ ಯಾವುದು? ನಳಿಗೆಯಿಂದ ಹೊರಟ ಗುಂಡು ನೇರವಾಗಿ ಹೋಗದೆ, ಎಸೆದ ಕಲ್ಲಿನಂತೆ ಬಾಗಿ ಇಳಿಯುತ್ತದೆ. ನಿಧಾನವಾದ ಗುಂಡು ಹೆಚ್ಚು ಇಳಿಯುವುದು. ಗುರಿಹಲಗೆಯ ದೂರವು ಮೊದಲೇ ಅಳೆದದ್ದು. ಕಣಿವೆಯ ಆಚೆ ಮಂಜಿನಲ್ಲಿ ನಿಂತ ಸಾರಂಗದ ದೂರವನ್ನು ಅಳೆದವರಾರು? ನೂರು ಗಜವೆಂದು ಎಣಿಸಿದ್ದು ನೂರೈವತ್ತಾದರೆ, ಹೃದಯಕ್ಕೆ ಹಿಡಿದ ಗುಂಡು ಮುಂಗಾಲಿಗೆ ಬೀಳುವುದು. 1856ರಲ್ಲಿ ಲಂಡನ್ನಿನ ಪರ್ಡಿ ಎಂಬ ಕೋವಿಗಾರನು ಹಗುರವಾದ ಗುಂಡಿಗೆ ಹೆಚ್ಚು ಮದ್ದನ್ನು ಕೂಡಿಸಿ ವೇಗವನ್ನು ಹೆಚ್ಚಿಸಿದನು. ರೈಲುಗಾಡಿಯ ಹೆಸರನ್ನೇ ಹಿಡಿದು ಅದಕ್ಕೆ 'ಎಕ್ಸ್‌ಪ್ರೆಸ್' ಎಂಬ ಹೆಸರಾಯಿತು.

ಇದೇ ವಾದವನ್ನು ಗ್ರಂಥರೂಪದಲ್ಲಿ ಬಲವಾಗಿ ಮಂಡಿಸಿದವನು ನಮ್ಮ ದೇಶದ ಮಧ್ಯಪ್ರಾಂತದಲ್ಲಿ ಅಧಿಕಾರಿಯಾಗಿದ್ದ ಕ್ಯಾಪ್ಟನ್ ಜೇಮ್ಸ್ ಫೋರ್ಸೈತನು. ಸೈನ್ಯದ ರೈಫಲು ದೂರದಲ್ಲಿ ಸಾಲುಗಟ್ಟಿದ ಶತ್ರುಗಳಿಗಾಗಿ ಹುಟ್ಟಿದ್ದು, ಕಾಡಿನಲ್ಲಿ ಹತ್ತಿರದಿಂದ ಅವಸರದಲ್ಲಿ ಹೊಡೆಯುವವನಿಗೆ ಅದು ಒದಗದೆಂಬುದು ಅವನ ಅಭಿಪ್ರಾಯ. ನಳಿಗೆಯೊಳಗಿನ ಸುರುಳಿಗೀರುಗಳು ಆಳವಿಲ್ಲದೆ, ತಿರುವು ಕಡಿಮೆಯಾಗಿದ್ದರೆ, ದುಂಡನೆಯ ಗುಂಡಿಗೆ ಧಾರಾಳವಾಗಿ ಮದ್ದು ಹಾಕಿ ನೇರವಾಗಿ ಹಾರಿಸಬಹುದೆಂದು ಅವನು ತೋರಿಸಿದನು. ಸೈನ್ಯದ ಕೋವಿಯನ್ನೇ ಶ್ರೇಷ್ಠವೆಂದು ಪೂಜಿಸುತ್ತಿದ್ದ ಕಾಲದಲ್ಲಿ ಇದು ಸಣ್ಣ ಧೈರ್ಯವಲ್ಲ.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಎಂಬ ರಸಾಯನಜ್ಞನು ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಲು ವೇಗದ ಸಮಸ್ಯೆಯು ಬಹುಮಟ್ಟಿಗೆ ತೀರಿತು. ಆದರೆ ಬೇರೊಂದು ತೊಡಕು ಹುಟ್ಟಿತು. ಆ ವೇಗವನ್ನು ಬರಿಯ ಸೀಸವು ತಾಳಲಾರದಾದ್ದರಿಂದ ಗುಂಡಿಗೆ ಗಟ್ಟಿ ಲೋಹದ ಕವಚವನ್ನು ತೊಡಿಸಿದರು. ಕವಚ ತೊಟ್ಟ ಸಣ್ಣ ಗುಂಡು ದಬ್ಬಳದಂತೆ ದೇಹವನ್ನು ತೂರಿ ಆಚೆ ಹೋಗತೊಡಗಿತು. 1895ರ ಚಿತ್ರಾಲ್ ದಂಡಯಾತ್ರೆಯಲ್ಲಿ, ಈ ಗುಂಡು ತಗಲಿದರೂ ಶತ್ರುವು ಮುನ್ನುಗ್ಗಿ ಬರುವನೆಂದು ಸೈನಿಕರು ದೂರಿದರು. ಬಳಿಕ ಕಲಕತ್ತೆಯ ಸಮೀಪದ ದಮ್‌ದಮ್ ಕಾರ್ಖಾನೆಯಲ್ಲಿ ಕವಚದ ತುದಿಯನ್ನು ತೆರೆದು ಸೀಸ ಕಾಣುವಂತೆ ಮಾಡಿದ ಗುಂಡು ತಯಾರಾಯಿತು. ತಗಲಿದ ಕೂಡಲೆ ಅದು ಅಣಬೆಯಂತೆ ಅರಳುವುದು. 1899ರ ಹೇಗ್ ಸಮ್ಮೇಳನವು ಇಂತಹ ಗುಂಡುಗಳನ್ನು ಯುದ್ಧದಲ್ಲಿ ನಿಷೇಧಿಸುವ ಘೋಷಣೆಯನ್ನು ಹೊರಡಿಸಿತು. ಬ್ರಿಟನ್ ಅದಕ್ಕೆ ಒಪ್ಪಿದ್ದು 1907ರಲ್ಲಿ.

ಇಲ್ಲಿ ವಾಚಕರು ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಮನುಷ್ಯನ ಮೇಲೆ ಹಾರಿಸುವುದು ಕ್ರೌರ್ಯವೆಂದು ತ್ಯಜಿಸಿದ ಅದೇ ಬಗೆಯ ಗುಂಡನ್ನು ಸಾರಂಗದ ಮೇಲೆ ಹಾರಿಸತಕ್ಕದ್ದೆಂದು, ಬೇರೆಯದನ್ನು ಹಾರಿಸಕೂಡದೆಂದು ಬ್ರಿಟಿಷ್ ಕಾಯಿದೆಯು ವಿಧಿಸುತ್ತದೆ. ಇದು ವಿರೋಧವಲ್ಲ. ಯುದ್ಧದಲ್ಲಿ ಗಾಯಗೊಂಡವನಿಗೆ ವೈದ್ಯನುಂಟು; ಗಾಯಗೊಂಡ ಸಾರಂಗಕ್ಕೆ ಶೀಘ್ರಮರಣವೊಂದೇ ದಯೆ.

ಇಂಗ್ಲೆಂಡು ಮತ್ತು ವೇಲ್ಸುಗಳಿಗೆ 1963ರಲ್ಲಿ ಸಾರಂಗದ ಕಾಯಿದೆ ಬಂದಿತು. 1991ರಲ್ಲಿ ಅದನ್ನು ಕ್ರೋಡೀಕರಿಸಿದರು. ಇದರ ಸಾಮಾನ್ಯ ನಿಯಮದಂತೆ ನಳಿಗೆಯ ವ್ಯಾಸವು 0.240 ಅಂಗುಲಕ್ಕೂ, ಗುಂಡಿನ ಶಕ್ತಿಯು 1,700 ಅಡಿ-ಪೌಂಡಿಗೂ ಕಡಿಮೆಯಿರಕೂಡದು. ಸ್ಕಾಟ್ಲೆಂಡಿನ 1985ರ ಆಜ್ಞೆಯು ನಳಿಗೆಯ ವ್ಯಾಸವನ್ನು ಕೇಳಲಿಲ್ಲ. ಕೆಂಪು ಸಾರಂಗಕ್ಕೆ ಗುಂಡು 100 ಗ್ರೇನು ತೂಗಬೇಕು, ಎಂದರೆ ಅರ್ಧ ತೊಲಕ್ಕಿಂತ ತುಸು ಹೆಚ್ಚು. ಸೆಕೆಂಡಿಗೆ 2,450 ಅಡಿ ವೇಗವೂ 1,750 ಅಡಿ-ಪೌಂಡು ಶಕ್ತಿಯೂ ಇರಬೇಕು ಎಂದಿತು. 'ರೋ' ಎಂಬ ಕಿರುಸಾರಂಗಕ್ಕೆ 50 ಗ್ರೇನು, 1,000 ಅಡಿ-ಪೌಂಡು ಸಾಕಾಗಿದ್ದಿತು. ಪ್ರಾಣಿಗೆ ತಗಲುವುದು ನಳಿಗೆಯಲ್ಲ, ಗುಂಡು. ಆದುದರಿಂದ ಸ್ಕಾಟರ ಅಳತೆಯೇ ಹೆಚ್ಚು ಯುಕ್ತವೆಂದು ನನಗೆ ತೋರುತ್ತದೆ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಕಡವೆಗೂ ಚುಕ್ಕೆಜಿಂಕೆಗೂ ಕೋವಿಯನ್ನು ಆರಿಸುವ ಪ್ರಸಂಗವೇ ಇಲ್ಲ. ನಮ್ಮ ಕಾಡುಗಳಲ್ಲಿ ಆ ಕೆಲಸಕ್ಕೆ ಹುಲಿಯೂ ಕೆನ್ನಾಯಿಯೂ ಇವೆ. ಬ್ರಿಟನ್ನಿನಲ್ಲಾದರೋ ತೋಳವು ನಿರ್ಮೂಲವಾಗಿ ಶತಮಾನಗಳೇ ಕಳೆದುವು. ಅಲ್ಲಿ ಸಾರಂಗಗಳು ಎಳೆಯ ಗಿಡಗಳನ್ನು ಮೇಯ್ದು ಕಾಡು ಮೇಲೇಳದಂತೆ ಮಾಡುವುದರಿಂದ ಪ್ರತಿವರ್ಷವೂ ಕೆಲವನ್ನು ಕೊಲ್ಲಲೇಬೇಕಾಗಿದೆ. ಈಗ ಚರ್ಚೆಯು ಗುಂಡಿನ ಲೋಹಕ್ಕೆ ತಿರುಗಿದೆ. ಮಾಂಸದಲ್ಲಿಯೂ, ಬೆಟ್ಟದಲ್ಲಿ ಬಿಟ್ಟುಬಂದ ಕರುಳಿನಲ್ಲಿಯೂ ಉಳಿಯುವ ಸೀಸದ ಚೂರು ವಿಷವಾದ್ದರಿಂದ ತಾಮ್ರದ ಗುಂಡನ್ನು ಬಳಕೆಗೆ ತರುತ್ತಿದ್ದಾರೆ. ತಾಮ್ರವು ಸೀಸಕ್ಕಿಂತ ಹಗುರವಾದುದರಿಂದ ಹಳೆಯ 100 ಗ್ರೇನಿನ ನಿಯಮವು ಅದಕ್ಕೆ ಅಡ್ಡಿಯಾಯಿತು. 2023ರಲ್ಲಿ ಸ್ಕಾಟ್ಲೆಂಡಿನ ಸರಕಾರವು ಅದನ್ನು 80 ಗ್ರೇನಿಗೆ ಇಳಿಸಿತು.