ಕೌದಿಯ ಲೆಕ್ಕ ಯಾರು ಬರೆದಾರ?

1/7
ಮೊದಲ ಫೋಟೋ ನೋಡ್ರಿ. ಕೆಂಪು, ಹಸಿರು, ಮಾಸಿದ ನೀಲಿ ತುಂಡುಗಳು. ನಡುವ ಒಂದು ಸಾಲಿ ಯೂನಿಫಾರ್ಮಿನ ಖಾಕಿ. ಇದು ನಮ್ಮ ಅಜ್ಜಿ ಹೊಲಿದ ಕೌದಿ.

ಹೋದ ದೀಪಾವಳಿಗೆ ಮನಿ ಸ್ವಚ್ಛ ಮಾಡುವಾಗ, ಹಳೇ ಬಟ್ಟಿಗೆ ಸ್ಟೀಲ್ ಪಾತ್ರೆ ಕೊಡಾಕಿ ಬಂದಿದ್ದಳು. ಇದನ್ನ ಗಂಟು ಕಟ್ಟಿ ಆಕಿ ಮುಂದ ಇಟ್ಟವನು ನಾನೇ. "ಹಳೇದಾಗೇತಿ, ವಾಸನಿ ಬರತೈತಿ" ಅಂದಿದ್ದೆ. ಆಕಿ ಬಿಚ್ಚಿ ನೋಡಿದಳು, ಹೊರಳಿಸಿ ನೋಡಿದಳು, ವಾಪಸ್ ನನ್ನ ಕಡೆ ಸರಿಸಿದಳು. "ಇದು ನಡೆಯಂಗಿಲ್ಲಪ್ಪ, ಬರೇ ತ್ಯಾಪಿ ಐತಿ." ಒಂದು ಡಬ್ಬಿ ಮುಚ್ಚಳದ ಕಿಮ್ಮತ್ತೂ ಸಿಗಲಿಲ್ಲ.

ಅಜ್ಜಿ ಬಾಗಿಲದಾಗ ಕುಂತು ಎಲ್ಲಾ ಕೇಳಿಸಿಕೊಂಡಳು. ಏನೂ ಅನಲಿಲ್ಲ. ಎದ್ದು ಒಳಗ ಹೋದಳು.

ಬಿಕಾಂ ಓದೋ ಹುಡುಗ ನಾನು. ಕಿಮ್ಮತ್ತು ಹೆಂಗ ಕಟ್ಟಬೇಕು ಅನ್ನೋದನ್ನೇ ದಿನಾ ಓದತೀನಿ. ಹಂಗಿದ್ದರ ಕೌದಿಯ ಲೆಕ್ಕ ಯಾರು ಬರೆದಾರ? ಹುಡುಕಿಕೊಂಡು ಹೋದೆ, ಅದೇ ಒಂದು ಇತಿಹಾಸ ಆಯ್ತು. ಏಳು ಭಾಗ ಅದಾವ, ಸಾವಕಾಶ ಓದ್ರಿ.

2/7
ಮೊದಲು ಹೆಸರು. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಕೌದಿ ಅಂತೀವಿ. ನಿಪ್ಪಾಣಿ, ಕಾಗವಾಡದ ಮರಾಠಿ ಮನಿಯೊಳಗ ಇದೇ ಗೋಧಡಿ ಆಗತೈತಿ, ಕೆಲವರ ಬಾಯಾಗ ವಾಕಳ. 1956ರ ನವೆಂಬರ್ 1ಕ್ಕೆ ನಮ್ಮ ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ನಕ್ಷೆಯ ಮೇಲೆ ಗೆರೆ ಬಿತ್ತು. ಕೌದಿಗೆ ಮಾತ್ರ ಆ ಗೆರಿ ಗೊತ್ತಾಗಲೇ ಇಲ್ಲ. ಆಚಿಗೂ ಅದೇ ಸೂಜಿ, ಅದೇ ಹೊಲಿಗಿ.

ಮಾಡೋ ರೀತಿ ಸರಳ ಐತಿ ಅನಸತೈತಿ. ಹಳೇ ಹತ್ತಿ ಸೀರಿ ಅಡಿಗೆ ಹಾಸತಾರ. ಅದರ ಮ್ಯಾಲೆ ಹರಿದ ಧೋತರ, ಅಂಗಿ, ಇನ್ನೊಂದು ಸೀರಿ ಪದರ ಪದರವಾಗಿ. ಮ್ಯಾಲಿನ ಪದರಕ್ಕ ಚಂದನ ತುಂಡು: ಇಳಕಲ್ ಸೀರಿಯ ಸೆರಗು, ಗುಳೇದಗುಡ್ಡದ ಖಣದ ಕುಪ್ಪಸ, ಟೇಲರ್ ಅಂಗಡಿಯ ಚಿಂದಿ. ಆಮೇಲೆ ಉದ್ದಕ್ಕೂ ಸಾಲು ಸಾಲು ಹೊಲಿಗಿ. ಆ ಹೊಲಿಗಿಯೇ ಎಲ್ಲಾ ಪದರ ಹಿಡಿದು ನಿಲ್ಲಸತೈತಿ.

ಕೊನೀ ಹೊಲಿಗಿ ಮುಚ್ಚೋ ಮೊದಲು ನಮ್ಮ ಅಜ್ಜಿ ನಾಲ್ಕು ಕಾಳು ಜ್ವಾಳ ಒಳಗ ಹಾಕತಿದ್ದಳು. "ಕೌದಿ ಹೊಟ್ಟಿ ಖಾಲಿ ಇರಬಾರದು, ಅಂದ್ರ ಹೊಚಗೊಂಡವರ ಹೊಟ್ಟೀನೂ ಖಾಲಿ ಇರಂಗಿಲ್ಲ" ಅಂತಿದ್ದಳು.

3/7
ಗಂಡ ಹುಡುಗ ಸೂಜಿ ದಾರದ ಬಗ್ಗೆ ಬರದಾನ ಅಂತ ನಗಬ್ಯಾಡ್ರಿ. ಬಸವಣ್ಣನವರ ಕಾಲದ ಶರಣರೊಳಗೆ ಸೂಜಿಕಾಯಕದ ರಾಮಿತಂದೆ ಅಂತ ಒಬ್ಬರಿದ್ದರು. ಬಟ್ಟೆ ಹೊಲಿಯೋದೇ ಕಾಯಕ, ಆ ಕಾಯಕವೇ ಹೆಸರಿನ ಮುಂದೆ. ನೂಲು ತೆಗೆಯುವ ಕದಿರ ರೆಮ್ಮವ್ವೆಯೂ ಹಾಗೇ. ಸೂಜಿಗೂ ಕದಿರಿಗೂ 12ನೇ ಶತಮಾನದಲ್ಲೇ ಇಷ್ಟು ಮರ್ಯಾದೆ ಸಿಕ್ಕಿತ್ತು.

ಆದರೆ ಮುಂದಿನ ಇಷ್ಟು ಶತಮಾನದಾಗ ಕೌದಿ ಹೊಲಿದ ಎಷ್ಟು ಹೆಣ್ಣಮಕ್ಕಳ ಹೆಸರು ನಮಗ ಗೊತ್ತೈತಿ? ಒಂದೂ ಇಲ್ಲ.

ಅಜ್ಜಿ ಸಣ್ಣಾಕಿ ಇದ್ದಾಗ ಗೊಂದಳಿ ಮಂದಿಯ ಹೆಂಗಸರು ಓಣಿ ಓಣಿ ತಿರುಗಿ ಕೌದಿ ಹೊಲಿದು ಕೊಡತಿದ್ದರಂತ. ಹಗಲೆಲ್ಲಾ ಅಂಗಳದಾಗ ಕುಂತು ಹೊಲಿಯೋದು, ಸಂಜಿಗೆ ಜ್ವಾಳ, ರೊಟ್ಟಿ, ಒಂದಿಷ್ಟು ರೊಕ್ಕ ತಗೊಂಡು ಹೋಗೋದು. ಅವರ ಮನಿ ಗಂಡಸರು ಸಂಬಾಳ ಬಾರಿಸಿ ರಾತ್ರಿಯೆಲ್ಲಾ ಅಂಬಾಭವಾನಿಯ ಕಥಿ ಹಾಡತಿದ್ದರು. ಆ ಹಾಡನ್ನು ನಾವು ಇವತ್ತು ಜನಪದ ಕಲೆ ಅಂತ ಪುಸ್ತಕದಲ್ಲಿ ಓದುತ್ತೇವೆ. ಅದೇ ಮನಿಯ ಸೂಜಿ ಬಗ್ಗೆ ನಿಮ್ಮ ಸಾಲಿಯೊಳಗ ಯಾರರ ಒಂದು ಸಾಲು ಹೇಳಿಕೊಟ್ಟಾರೇನು?

4/7
ಉಳಿಸಿ ಇಟ್ಟವರು ಇದ್ದರೆ ಕಥೆಯೇ ಬೇರೆ ಆಗುತ್ತದೆ. ಮೂರು ಉದಾಹರಣೆ ನೋಡ್ರಿ.

ಒಂದು, ಬಂಗಾಳ. ಅಲ್ಲಿ ಇದಕ್ಕೆ ಕಾಂಥಾ ಅಂತಾರ. ಗುರುಸದಯ ದತ್ತ ಅನ್ನೋರು ಊರೂರು ತಿರುಗಿ ಹಳೇ ಕಾಂಥಾಗಳನ್ನು ಕೂಡಿಸಿಟ್ಟರು. ಇವತ್ತು ಕೋಲ್ಕತ್ತಾದಲ್ಲಿ ಅವರ ಹೆಸರಿನ ಮ್ಯೂಸಿಯಂ ಇದೆ.

ಎರಡು, ನಮ್ಮದೇ ಉತ್ತರ ಕನ್ನಡ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಜನರ ಹಿರಿಯರು ಆಫ್ರಿಕಾದವರು. ಅವರಲ್ಲಿ ಬಹಳ ಜನರನ್ನು ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದಿದ್ದರು. ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗೆ ಕವಂದಿ ಅಂತ ಹೆಸರು. ಅಂಚಿನಿಂದ ಸುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗೆ ಬಟ್ಟೆ ಮಡಚಿ ತ್ರಿಕೋನದ ಹೂವು ಇಡುತ್ತಾರೆ. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರ ಇದರ ಬಗ್ಗೆ ಬರೆದ ಮೇಲೆ ಕವಂದಿ ಹೊರದೇಶಕ್ಕೂ ಗೊತ್ತಾಯಿತು.

ಮೂರು, ಅಮೆರಿಕದ ಅಲಬಾಮಾದ ಜೀಸ್ ಬೆಂಡ್. ನಮ್ಮ ಹೊಳಿದಂಡಿ ಊರಿನಂಗ, ನದಿ ಬಳಸಿಕೊಂಡು ಹರಿಯೋ ಊರು. ಗುಲಾಮರಾಗಿದ್ದವರ ಮೊಮ್ಮಕ್ಕಳು ಹೊಲದಾಗ ಹಾಕಿ ಸವೆಸಿದ ಬಟ್ಟಿಯಿಂದ ಚಳಿಗೆ ಕೌದಿ ಹೊಲಿದರು. 2002ರಲ್ಲಿ ಅವು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನ ಗೋಡೆ ಮೇಲೆ ತೂಗಿದವು. 2006ರಲ್ಲಿ ಅಲ್ಲಿಯ ಅಂಚೆ ಚೀಟಿಯ ಮೇಲೂ ಬಂದವು. ಪ್ರತಿಯೊಂದರ ಪಕ್ಕ ಹೊಲಿದವರ ಹೆಸರು.

ಅದೇ ಸೂಜಿ, ಅದೇ ಚಿಂದಿ. ಹೆಸರು ಬರೆದಿಟ್ಟರು, ಫರಕು ಅಷ್ಟೇ.

5/7
ಹಂಗಾದ್ರ ನಮ್ಮಲ್ಲಿ ಕೌದಿ ಯಾಕ ಕಡಿಮಿ ಆತು? "ಈಗಿನ ಹುಡುಗ್ಯಾರಿಗೆ ಹೊಲಿಯಾಕ ಬರಂಗಿಲ್ಲ" ಅಂತ ಎಲ್ಲಾರೂ ಅಂತಾರ. ನನಗ ಹಂಗ ಅನಸೂದಿಲ್ಲ. ಕಚ್ಚಾ ಮಾಲನ್ನ ನೋಡ್ರಿ.

ನಮ್ಮ ಸುತ್ತ ಬಟ್ಟಿಗೆ ಬರ ಇರಲಿಲ್ಲ. ಪೂರ್ವಕ್ಕೆ ರಬಕವಿ-ಬನಹಟ್ಟಿಯ ಮಗ್ಗ. ಗಡಿಯಾಚೆ ಇಚಲಕರಂಜಿ, ಅಲ್ಲಿ 1904ರಲ್ಲೇ ವಿಠ್ಠಲರಾವ್ ದಾತಾರ್ ಮೊದಲ ಪವರ್‌ಲೂಮ್ ಹಾಕಿದ್ದರು. ಹತ್ತಿ ಸೀರಿ ಹರಿದಷ್ಟೂ ಕೌದಿ ಹುಟ್ಟುತ್ತಿತ್ತು.

ಆಮೇಲೆ ಟೆರಿಕಾಟ್ ಬಂತು, ಪಾಲಿಯೆಸ್ಟರ್ ಸೀರಿ ಬಂತು. ಲಗೂ ಹರಿಯಂಗಿಲ್ಲ, ಬೆವರು ಹೀರಂಗಿಲ್ಲ, ಪದರದಾಗ ಇಟ್ಟರ ಜಾರತೈತಿ. ಉಳಿದ ಹತ್ತಿ ಸೀರಿಗಳು ಪಾತ್ರೆಯವರ ಗಂಟಿಗೆ ಹೋದವು. ಹಳೇ ಬಟ್ಟಿಗೆ ಹೊಳೆಯೋ ಸ್ಟೀಲ್ ತಾಟು ಸಿಗತಿದ್ದರ ಯಾರು ಬ್ಯಾಡ ಅಂತಾರ? ಹೊಚಗೊಳ್ಳಾಕ ಸೊಲ್ಲಾಪುರದ ಚಾದರ ಬಂತು, ಪಾಣಿಪತ್ತಿನ ಬ್ಲ್ಯಾಂಕೆಟ್ ಬಂತು. ಒಂದು ಮಜಾ ಕೇಳ್ರಿ: ಪಾಣಿಪತ್ತಿನೊಳಗ ಹಳೇ ಬಟ್ಟಿ ಹರಿದು, ನೂಲು ತೆಗೆದು ಬ್ಲ್ಯಾಂಕೆಟ್ ಮಾಡೋ ದೊಡ್ಡ ಉದ್ಯಮವೇ ಐತಿ. ಅಜ್ಜಿ ಅಂಗಳದಾಗ ಮಾಡಿದ್ದು ಚಿಂದಿ ಕೆಲಸ, ಅದನ್ನೇ ಕಾರ್ಖಾನಿ ಮಾಡಿದರ ಇಂಡಸ್ಟ್ರಿ.

6/7
ಈ ಭಾಗ ಬರಿಯೋದು ಸ್ವಲ್ಪ ಕಷ್ಟ.

2019ರ ಆಗಸ್ಟ್ ನಿಮಗೂ ನೆನಪಿರತೈತಿ. ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ಒಮ್ಮೆಲೇ ಬಂದವು. ನಮ್ಮದು ಚಿಕ್ಕೋಡಿ ತಾಲೂಕಿನ ಹೊಳಿದಂಡಿ ಊರು. ರಾತ್ರೋರಾತ್ರಿ ಟ್ರ್ಯಾಕ್ಟರಿನಾಗ ಜ್ವಾಳದ ಚೀಲ, ಸಿಲಿಂಡರ್, ನನ್ನ ಸಾಲಿ ಪಾಟಿಚೀಲ ಹಾಕಿದ್ವಿ. ದನಾ ಹೊಡಕೊಂಡು ಅಪ್ಪ ಮುಂದ ನಡೆದ. ಅಟ್ಟದ ಮ್ಯಾಲಿನ ಕೌದಿ ಯಾರಿಗೂ ನೆನಪಾಗಲಿಲ್ಲ. ಅಜ್ಜಿಗೆ ಆಗಿತ್ತು, ಆದರ ಆ ಹೊತ್ತಿನಾಗ ಹೇಳಾಕ ಸಂಕೋಚಪಟ್ಟಳು.

ನೀರು ಇಳಿದ ಮ್ಯಾಲೆ ಬಂದು ನೋಡಿದ್ರ ಹತ್ತು ಕೌದಿ ಕೆಸರಿನ ಮುದ್ದಿ ಆಗಿದ್ದವು. ಒಂದೊಂದನ್ನ ಎತ್ತಾಕ ಇಬ್ಬರು ಬೇಕಾದರು. ವಾಸನಿಗೆ ಮೂಗು ಮುಚ್ಚಿಕೊಂಡು ತಿಪ್ಪಿಗೆ ಒಗೆದ್ವಿ. ಲುಕ್ಸಾನಿನ ಲೆಕ್ಕ ಹಾಕುವಾಗ ಟಿವಿ ಬರೆದ್ವಿ, ತಿಜೋರಿ ಬರೆದ್ವಿ, ಗೋಡಿ ಬರೆದ್ವಿ. ಕೌದಿ ಬರೀಲಿಲ್ಲ.

ಆದರ ಅದರಾಗ ಅಜ್ಜನ ಧೋತರ ಇತ್ತು. ಸಣ್ಣ ವಯಸ್ಸಿನಾಗ ತೀರಿಕೊಂಡ ನಮ್ಮ ದೊಡ್ಡ ಅತ್ತಿಯ ಲಂಗ ಇತ್ತು. ಆಕಿದು ಒಂದು ಫೋಟೋನೂ ನಮ್ಮ ಮನಿಯಾಗಿಲ್ಲ.

ಉಳಿದದ್ದು ಇದೊಂದೇ. ಆವಾಗ ಸಣ್ಣತ್ತಿಯ ಬಾಣಂತನಕ್ಕ ಅಂತ ರಾಯಬಾಗಕ್ಕ ಹೋಗಿತ್ತು, ಅದಕ್ಕ ಬಚಾವ್ ಆತು. ಇದನ್ನೇ ನಾನು ಪಾತ್ರೆಯವಳ ಮುಂದ ಇಟ್ಟಿದ್ದೆ.

7/7
ಈಗ ಲೆಕ್ಕ. ಕ್ಲಾಸಿನಾಗ ಸವಕಳಿ ಓದೀವಲ್ಲ? ವಸ್ತು ಸವೆದಂಗ ಪುಸ್ತಕದ ಬೆಲೆ ಇಳೀತಾ ಹೋಗತೈತಿ, ಕೊನಿಗೆ ಗುಜರಿ ಬೆಲೆ ಉಳೀತೈತಿ. ಅಜ್ಜಿ ಸುರು ಮಾಡೋದೇ ಅಲ್ಲಿಂದ. ಸೀರಿಯ ಬೆಲೆ ಸೊನ್ನಿ ಆದ ಮ್ಯಾಲೆ ಅದು ಕೌದಿ. ಕೌದಿ ಸವೆದರ ಹೊಸ ಕೌದಿಯ ಒಳಪದರ. ಅದೂ ಹೋದರ ಕೊಡದ ಅಡಿಗೆ ಸಿಂಬಿ, ಒಲಿ ಮುಂದ ಮಸಿಅರಬಿ.

ಕೂಲಿ ಎಷ್ಟು? ನಾನೇ ಕುಂತು ಎಣಿಸಿದೆ. ಒಂದು ಗೇಣಿಗೆ 30 ಹೊಲಿಗಿ, ಒಂದು ಸಾಲಿಗೆ 9 ಗೇಣು, ಒಟ್ಟು 80 ಸಾಲು. ಅಂದ್ರ 21,600 ಹೊಲಿಗಿ. ಒಂದಕ್ಕ ಐದು ಸೆಕೆಂಡ್ ಹಿಡಿದರೂ 30 ತಾಸು. ಅದೂ ರೊಟ್ಟಿ ಬಡಿದು, ದನದ ಕೆಲಸ ಮುಗಿಸಿ, ಎಲ್ಲಾರೂ ಮಲಗಿದ ಮ್ಯಾಲಿನ ತಾಸು. ಕಾಸ್ಟ್ ಶೀಟಿನಾಗ ಕೂಲಿ ಅನ್ನೋ ಕಾಲಂ ಐತಿ. ನಮ್ಮ ಮನಿಯಾಗ ಅದನ್ನ ಯಾರೂ ತುಂಬಲಿಲ್ಲ.

ಅಜ್ಜಿ ಹತ್ರ ಹೋಗಿ ತಪ್ಪಾತು ಅಂದೆ. ಆಕಿ ಸೂಜಿಗೆ ದಾರ ಪೋಣಿಸಿ ಕೊಡು ಅಂದಳು, ಕಣ್ಣು ಕಾಣಂಗಿಲ್ಲ. ಈಗ ಸಂಜಿಗೆ ದಿನಾ ಒಂದು ತಾಸು ಕಲೀತೀನಿ. ಕೊನೀ ಫೋಟೋದಾಗ ಇರೋ ಎಲಿ-ಅಡಕಿ ಚಂಚಿ ನಾನು ಹೊಲಿದದ್ದು. ಹೊಲಿಗಿ ಸೊಟ್ಟ ಆಗ್ಯಾವ, ನಗ್ರಿ ಪರವಾಗಿಲ್ಲ. ಟೇಲರ್ ಅಂಗಡಿಯ ಒಂದು ಮುಷ್ಟಿ ಚಿಂದಿ ಸಾಕು, ನೀವೂ ಮಾಡಬಹುದು.

ಅದಕ್ಕೂ ಮೊದಲು ಒಂದು ಕೆಲಸ ಮಾಡ್ರಿ. ಇವತ್ತು ಸಂಜಿಗೆ ಮನಿಯ ಕೌದಿ ಹಾಸಿ, ಅಜ್ಜಿನೋ ಅವ್ವನೋ ಪಕ್ಕದಾಗ ಕೂಡಿಸಿ, ಒಂದೊಂದು ತುಂಡಿನ ಮ್ಯಾಲೆ ಬೆರಳಿಟ್ಟು "ಇದು ಯಾರದು?" ಅಂತ ಕೇಳ್ರಿ. ಮೊಬೈಲಿನಾಗ ರೆಕಾರ್ಡ್ ಮಾಡ್ರಿ. ನಾನು ಇಲ್ಲಿತನಕ 34 ತುಂಡು ಬರಕೊಂಡೀನಿ. ನಡುವಿನ ಖಾಕಿ ತುಂಡು ಅಪ್ಪನ ನಾಲ್ಕನೇ ಇಯತ್ತೆಯ ಚಡ್ಡಿ ಅಂತ.

ನೋಟ್‌ಬುಕ್ಕಿನ ಮೊದಲ ಪುಟದಾಗ ಹೊಲಿದವರ ಹೆಸರು ಬರದೀನಿ. ಅಜ್ಜಿಗೆ ಓದಾಕ ಬರಂಗಿಲ್ಲ. ಯಾವುದು ನನ್ನ ಹೆಸರು ಅಂತ ಕೇಳಿದಳು. ಆಕಿ ಬೆರಳು ಹಿಡಿದು ಅದರ ಮ್ಯಾಲೆ ಇಟ್ಟೆ.