ಹಿಮದ ಹಾದಿಗೆ ಒದಗಿದ ಟೈರು

ಚಳಿಗಾಲಕ್ಕೆಂದೇ ಪ್ರತ್ಯೇಕ ಟೈರನ್ನು ರೂಪಿಸುವ ಪರಿಪಾಠ ಫಿನ್‌ಲೆಂಡಿನಲ್ಲಿ ಮೊಳೆಯಿತು. ಅಲ್ಲಿನ ನೋಕಿಯಾ ಪಟ್ಟಣದ ರಬ್ಬರ್ ಕಾರ್ಖಾನೆಯು 1934ರಲ್ಲಿ ಲಾರಿಗಳಿಗೂ, 1936ರಲ್ಲಿ ‘ಹಕ್ಕಪೆಲೀಟ’ ಎಂಬ ಹೆಸರಿನಲ್ಲಿ ಕಾರುಗಳಿಗೂ ಹಿಮದ ಟೈರುಗಳನ್ನು ಹೊರತಂದಿತು. ಅವು ಹಿಮವನ್ನು ಕಚ್ಚಿ ಹಿಡಿಯುತ್ತಿದ್ದವಾದರೂ ನುಣುಪಾದ ಮಂಜುಗಡ್ಡೆಯ ಮೇಲೆ ಜಾರುತ್ತಿದ್ದುದರಿಂದ, 1960ರ ದಶಕದಲ್ಲಿ ಸ್ಟಡ್, ಅಂದರೆ ಟೈರಿನ ಮೈಗೆ ನೆಟ್ಟ ಗಟ್ಟಿಲೋಹದ ಮೊಳೆ, ವ್ಯಾಪಕವಾಗಿ ಬಳಕೆಗೆ ಬಂದಿತು. ಆ ಮೊಳೆಗಳು ರಸ್ತೆಯನ್ನು ಕೆರೆದು ಎಬ್ಬಿಸಿದ ಧೂಳು ಜನರ ಆರೋಗ್ಯಕ್ಕೆ ಕುತ್ತಾದಾಗ ಜಪಾನ್ 1990ರ ಕಾಯ್ದೆಯಿಂದ ಅವುಗಳಿಗೆ ಕಡಿವಾಣ ಹಾಕಿತು. ಅವುಗಳ ಜಾಗದಲ್ಲಿ, ಕಡುಚಳಿಯಲ್ಲೂ ಬಿರುಸಾಗದ ಮೆದು ರಬ್ಬರಿನ, ಸೈಪ್ ಎಂಬ ಸಣ್ಣ ಸೀಳುಗಳುಳ್ಳ ಮೊಳೆರಹಿತ ಟೈರು ನೆಲೆಯೂರಿತು. ಕೆನಡಾದ ಕ್ವಿಬೆಕ್ ಪ್ರಾಂತವು 2008ರಲ್ಲಿ ಚಳಿಗಾಲದ ಟೈರನ್ನು ಕಡ್ಡಾಯಗೊಳಿಸಿದ್ದರಿಂದ, ಕಾರು ಮಾಲೀಕರ ವಿವೇಚನೆಗೆ ಬಿಟ್ಟಿದ್ದ ಈ ಆಯ್ಕೆಯು ಅಲ್ಲಿ ಸಾರ್ವಜನಿಕ ಸುರಕ್ಷತೆಯ ಹೊಣೆಯಾಗಿ ಮಾರ್ಪಟ್ಟಿತು.