ಕಳೆದುಹೋಗಿದ್ದ ಕಾಗದದ ಪೆಟ್ಟಿಗೆ

ದಾರ ಬೇಡ. ಆರು ಚೌಕ ಕಾಗದಗಳನ್ನು ಮಡಿಸಿ ಜೋಡಿಸಿದರೆ ಪುಟ್ಟ ಪೆಟ್ಟಿಗೆ ಸಿದ್ಧ. ಯಾವ ಮಗ್ಗುಲಿನಿಂದ ಬೇಕಾದರೂ ತೆರೆಯಬಹುದು. ಜಪಾನಿನವರು ಇದನ್ನು ‘ತಮಾತೆಬಾಕೊ’ ಎನ್ನುತ್ತಾರೆ. ಅವರ ಜನಪದ ಕಥೆಯಲ್ಲಿ ಸಮುದ್ರದಾಳದ ರಾಜಕುಮಾರಿ, ಉರಾಶಿಮಾ ತಾರೊ ಎಂಬ ಬೆಸ್ತನಿಗೆ ‘ತೆರೆಯಬೇಡ’ ಎಂದು ಹೇಳಿ ಕೊಟ್ಟ ಪೆಟ್ಟಿಗೆಯ ಹೆಸರಿದು. ಅವನು ತೆರೆದೇಬಿಟ್ಟ, ತೆರೆದ ಕೂಡಲೇ ಮುದುಕನಾದ.

ಆ ಕಥೆಗಿಂತ ನನ್ನನ್ನು ಹಿಡಿದದ್ದು ಈ ಕಾಗದದ ಪೆಟ್ಟಿಗೆಯದೇ ಕಥೆ. 1734ರಲ್ಲಿ ಜಪಾನಿನಲ್ಲಿ ಅಚ್ಚಾದ ‘ರಾನ್ಮಾ ಝುಶಿಕಿ’ಯಲ್ಲಿ ಇದರ ಚಿತ್ರವಿದೆ. ಅದು ಬಾಗಿಲ ಮೇಲಿನ ಮರದ ಅಲಂಕಾರದ ಹಲಗೆಗಳಿಗೆ ಮಾದರಿ ಕೊಡುವ ಪುಸ್ತಕ. ಚಿತ್ರವೇನೋ ಉಳಿಯಿತು, ಮಡಿಸುವ ಕ್ರಮ ಕಾಲಾಂತರದಲ್ಲಿ ಮರೆತೇ ಹೋಯಿತು. 1990ರ ದಶಕದಲ್ಲಷ್ಟೇ ಅಲ್ಲಿನ ಆಸಕ್ತರು ಅದನ್ನು ಮತ್ತೆ ಕಂಡುಕೊಂಡರು.

ನಮ್ಮಜ್ಜಿಯೂ ದಾರವಿಲ್ಲದೆ ಕುಂಕುಮದ ಪೊಟ್ಟಣ ಮಡಿಸುತ್ತಿದ್ದರು. ಎಷ್ಟು ಅಲುಗಾಡಿಸಿದರೂ ಚಿಟಿಕೆ ಚೆಲ್ಲುತ್ತಿರಲಿಲ್ಲ. ಅದಕ್ಕೆ ಚಿತ್ರವೂ ಇಲ್ಲ, ಅಜ್ಜಿಯೊಂದಿಗೇ ಹೋಯಿತು. ಹಾಗಾಗಿಯೇ ಪಕ್ಕದ ಮನೆಯ ಹುಡುಗಿಯರನ್ನು ಕೂಡಿಸಿಕೊಂಡು ನಾನು ಈ ಪೆಟ್ಟಿಗೆ ಹೇಳಿಕೊಡುತ್ತೇನೆ. ನಿಮ್ಮ ಬೆರಳಿಗೆ ಮಾತ್ರ ಗೊತ್ತಿರುವ ಮಡಿಕೆಯೊಂದಿದ್ದರೆ, ಯಾರಿಗಾದರೂ ತೋರಿಸಿಕೊಡಿ.